ನಮ್ಮ ದುರ್ಗದ ಕಡೆ, ಭಾಗ 7: ಮಾರಿಕಣಿವೆ ಗುಡ್ಡದ ಮೇಲಿಂದ

"ಮಾರಿಕಣಿವೆಗೆ ಯಾವಾಗ ಹೋದ್ರೆ ಚೆನ್ನಾಗಿರುತ್ತೆ?" ಹೋದ ಭಾಗ ಹಾಕಿದ ಮೇಲೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಇದೇ ಪ್ರಶ್ನೆ. ಹೇಳ್ತೀನಿ, ಆದ್ರೆ ಸ್ವಲ್ಪ ಉದ್ದ ಆಗುತ್ತೆ. ಫೋಟೋ ಒಂದೊಂದೇ ಸರಿಸ್ತಾ ಓದಿ.

ಜಾಗ ಗೊತ್ತಿಲ್ಲದವರಿಗೆ: ಹಿರಿಯೂರಿನಿಂದ ಸುಮಾರು 20 ಕಿ.ಮೀ. ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ವೇದಾವತಿ ಹರೀತಿದ್ದಳು. ಅದಕ್ಕೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಲ್ಲು, ಸುಣ್ಣ, ಸುರ್ಕಿಯಲ್ಲೇ ಅಣೆಕಟ್ಟು ಕಟ್ಟಿದರು. 1907ರಲ್ಲಿ ಮುಗಿಯಿತು. ಕಾಗದದ ಮೇಲೆ ವಾಣಿವಿಲಾಸ ಸಾಗರ. ನಮ್ಮ ಬಾಯಲ್ಲಿ ಕಣಿವೆ ಮಾರಮ್ಮನ ಹೆಸರಿನ ಮಾರಿಕಣಿವೆ. ಪಕ್ಕದ ಗುಡ್ಡ ಹತ್ತಿ ನಿಂತರೆ ಒಂದು ಕಡೆ ನೀರು, ಇನ್ನೊಂದು ಕಡೆ ಹಿರಿಯೂರು ಸೀಮೆಯ ತೋಟಗಳು.

ಮೊದಲನೇ ಫೋಟೋ 2017ರ ಬೇಸಿಗೆ. ನೀರು ಎಲ್ಲಿ ಅಂತ ಹುಡುಕಬೇಡಿ, ತಳ ಹಿಡಿದಿತ್ತು. ಅಂಚಿನುದ್ದಕ್ಕೂ ಬಿಳಿಚಿದ ಮಣ್ಣು, ಬಿರುಕು. ಆ ವರ್ಷಗಳಲ್ಲಿ ನಮ್ಮ ತಾಲ್ಲೂಕಿನಲ್ಲಿ ತೆಂಗು ಹೇಗೆ ಒಣಗಿದವು ಅಂತ ನೋಡಿದವರಿಗೇ ಗೊತ್ತು. ಗರಿ ಜೋತುಬಿದ್ದು, ಸುಳಿ ಬಿದ್ದುಹೋಗಿ, ಬರೀ ಕಂಬ. ನಮ್ಮ ತಾತ ನೆಟ್ಟ ತೋಟದಲ್ಲೂ ಅಷ್ಟೇ. ತಾತ ಅಳಲಿಲ್ಲ. ಮರ ಕಡಿಯೋಕೆ ಬಂದವರಿಗೆ ಕಾಫಿ ಕೊಡಿ ಅಂದು ಒಳಗೆ ಹೋಗಿ ಮಲಗಿದರು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಎರಡನೇದು ಆಷಾಢ. ಫೋಟೋ ಅಲುಗಾಡಿದೆ, ಕ್ಷಮಿಸಿ. ಆ ತಿಂಗಳು ಕಣಿವೆಯಲ್ಲಿ ನುಗ್ಗೋ ಗಾಳಿಗೆ ನೆಟ್ಟಗೆ ನಿಲ್ಲೋಕಾಗಲ್ಲ. ಮಳೆ ಮಾತ್ರ ಅಪರೂಪ. ನಮ್ಮದು ಮಳೆ ನೆರಳಿನ ಸೀಮೆ, ಮೋಡಗಳು ತಲೆ ಮೇಲೆ ಹಾದು ಹೋಗ್ತವೆ ಅಷ್ಟೇ. ಅಣೆಕಟ್ಟೆ ತುಂಬಬೇಕಾದ್ರೆ ಮಳೆ ಆಗಬೇಕಾದ್ದು ಮೇಲೆ, ಚಿಕ್ಕಮಗಳೂರು, ಕಡೂರಿನ ಕಡೆ.

ಮೂರನೇ ಫೋಟೋ ನಿಮಗೆ ಗೊತ್ತಿರಬಹುದು. 2022ರ ಸೆಪ್ಟೆಂಬರ್. 1933ರಲ್ಲಿ ಕೋಡಿ ಬಿದ್ದಿದ್ದ ಕಣಿವೆ, 89 ವರ್ಷದ ಮೇಲೆ ಮತ್ತೆ ಕೋಡಿ ಬಿತ್ತು. 130 ಅಡಿ! ಟ್ರ್ಯಾಕ್ಟರ್, ಆಟೋ, ಬೈಕ್ ಸಿಕ್ಕಿದ್ದರಲ್ಲಿ ಜನ ಬಂದರು. ಹೆಂಗಸರು ಬಾಗಿನದ ಮೊರ ಹಿಡಿದು ನಿಂತಿದ್ದರು. ನಾನೂ ತಾತನನ್ನು ಕರ್ಕೊಂಡು ಹೋಗಿದ್ದೆ. ಗುಡ್ಡ ಹತ್ತೋಕೆ ಅವರಿಗೆ ಆಗಲಿಲ್ಲ, ಕೆಳಗೆ ಕೋಡಿ ನೀರಿನ ಸದ್ದು ಕೇಳ್ತಾ ಕೂತರು. ನಾನು ಮೇಲಿಂದ ತೆಗೆದ ಈ ಫೋಟೋಗೆ ಬಂದಷ್ಟು ಲೈಕ್ ಇವತ್ತಿಗೂ ನನ್ನ ಬೇರೆ ಯಾವ ಫೋಟೋಗೂ ಬಂದಿಲ್ಲ.

ರಾತ್ರಿ ಸೋದರಮಾವ ಫೋನ್ ಮಾಡಿದರು. ಅಮ್ಮನ ತವರು ಹೊಸದುರ್ಗ ತಾಲ್ಲೂಕು, ಹಿನ್ನೀರಿನ ಪಕ್ಕ.

"ಫೋಟೋ ಚೆನ್ನಾಗೈತೆ ಕಣಪ್ಪ. ಅದರಾಗೆ ನಮ್ ತೋಟ ಎಲ್ಲೈತೆ ಗೊತ್ತಾತಾ?"

ಬೈಗುಳ ಅಲ್ಲ, ವ್ಯಂಗ್ಯವೂ ಅಲ್ಲ, ಸುಮ್ಮನೆ ಕೇಳಿದರು. ನಾನು ಪೆದ್ದನ ಹಾಗೆ ಫೋಟೋ ಝೂಮ್ ಮಾಡಿ ಹುಡುಕಿದೆ. ಆಮೇಲೆ ಹೊಳೀತು: ನಮ್ಮ ಗುಡ್ಡದಿಂದ ಹಿನ್ನೀರಿನ ಆ ತುದಿ ಕಾಣೋದೇ ಇಲ್ಲ.

ಎರಡು ವಾರ ಬಿಟ್ಟು ಹೋದೆ. ಮಾವ ತೋಟದ ದಾರೀಲಿ ಕರ್ಕೊಂಡು ಹೋಗಿ ಒಂದು ಕಡೆ ನಿಂತರು. ಮುಂದೆ ದಾರಿ ಇರಲಿಲ್ಲ. ನೀರೊಳಗೆ ಸಾಲಾಗಿ ಅಡಿಕೆ ಮರಗಳು, ಆಗಲೇ ಹಳದಿ ತಿರುಗಿದ ಗರಿ. ಪಂಪ್‌ಸೆಟ್ ಮನೆಯ ಶೀಟು ಮಾತ್ರ ಮೇಲೆ ಕಾಣ್ತಿತ್ತು. "ನಿಮ್ ತಾತನ ತೋಟ ನೀರಿಲ್ದೆ ಹೋಯ್ತು, ನಮ್ದು ನೀರಾಗೆ ಹೋಯ್ತು" ಅಂದು ಬೀಡಿ ಹಚ್ಚಿದರು. ನನ್ನ ಫೋನ್ ಜೇಬಲ್ಲೇ ಇತ್ತು, ತೆಗೆಯೋಕೆ ಮನಸ್ಸಾಗಲಿಲ್ಲ. ಮಾವನೇ "ತೆಗಿಯಪ್ಪ, ಇದನ್ನೂ ಹಾಕು" ಅಂದರು. ಹಾಕಲಿಲ್ಲ. ಯಾಕೆ ಅಂದ್ರೆ, ನಿಜ ಹೇಳ್ತೀನಿ, ಎಲ್ಲರೂ ಖುಷಿಯಾಗಿದ್ದಾಗ ನಡುವೆ ಇದ್ಯಾಕೆ ಅನ್ನಿಸ್ತು. ನಾಲ್ಕನೇ ಫೋಟೋ ಅದೇ. ಇವತ್ತು ಹಾಕಿದ್ದೀನಿ.

ಕೊನೇದು 2025ರ ಜನವರಿ. ಮೂರನೇ ಕೋಡಿ, ಅದೂ ಚಳಿಗಾಲದಲ್ಲಿ. ಮೇಲಿನ ಮಳೆ ಜೊತೆಗೆ ಈಗ ಭದ್ರೆಯಿಂದ ಎತ್ತಿದ ನೀರೂ ಅಜ್ಜಂಪುರದ ಸುರಂಗ ದಾಟಿ ಬರುತ್ತಲ್ಲ. ಬೆಳಿಗ್ಗೆ ಮಂಜು ಎಷ್ಟಿತ್ತು ಅಂದ್ರೆ ಅಣೆಕಟ್ಟೆ ಮೇಲಿನ ಮಂಟಪವೂ ಕಾಣ್ತಿರಲಿಲ್ಲ. ತಾತ ಇಲ್ಲ ಈಗ. ಗುಡ್ಡದ ಮೇಲಿಂದ ಮಾವನಿಗೆ ಫೋನ್ ಮಾಡಿ "ಎಲ್ಲಿಗೆ ಬಂತು ನೀರು?" ಅಂತ ಕೇಳಿದೆ. "ಬದುವಿನ ತನಕ ಬಂದೈತೆ, ನೋಡನ" ಅಂದರು.

ಸರಿ, ನಿಮ್ಮ ಪ್ರಶ್ನೆಗೆ ಉತ್ತರ. ಸೆಪ್ಟೆಂಬರ್‌ನಿಂದ ಜನವರಿ, ಬೆಳಿಗ್ಗೆ ಬೇಗ. ನೀರಿನ ಬಾಟಲಿ ಒಯ್ದಿರಿ, ವಾಪಸ್ಸೂ ತನ್ನಿರಿ. ಕೋಡಿ ಬಿದ್ದಾಗ ನೀರಿಗೆ ಇಳೀಬೇಡಿ. ಟೈಮ್ ಇದ್ದರೆ ಗುಡ್ಡ ಇಳಿದ ಮೇಲೆ ಹಿರಿಯೂರಿಗೆ ತಿರುಗದೆ ಹೊಸದುರ್ಗದ ಕಡೆ ಹಿನ್ನೀರಿನ ಊರುಗಳಿಗೂ ಹೋಗಿ ಬನ್ನಿ. ಅಲ್ಲಿ ವ್ಯೂ ಪಾಯಿಂಟ್ ಬೋರ್ಡ್ ಇರಲ್ಲ, ಯಾರನ್ನಾದ್ರೂ ಕೇಳಿ, ತೋರಿಸ್ತಾರೆ.

ಮುಂದಿನ ಭಾಗ: ಜೋಗಿಮಟ್ಟಿ.

#ಮಾರಿಕಣಿವೆ #ಹಿರಿಯೂರು #ಹೊಸದುರ್ಗ #ನಮ್ಮದುರ್ಗ