ಮೇಷ್ಟರ ಪಾದಗಳು

ಮೈಸೂರಿನ ಸರಸ್ವತೀಪುರದ ಆ ಹಳೆಯ ಮನೆಯ ಹಜಾರದಲ್ಲಿ ನಡುರಾತ್ರಿ ಎರಡು ಗಂಟೆಗೆ ದೀಪ ಹತ್ತಿಕೊಂಡರೆ ಎದುರುಮನೆಯವರು ಈಗೀಗ ಗಾಬರಿಯಾಗುತ್ತಿರಲಿಲ್ಲ. ಕಳ್ಳರೂ ಬಂದಿಲ್ಲ, ಬೆಂಗಳೂರಿನ ಮಗನೂ ಬಂದಿಲ್ಲ. ಮೇಷ್ಟರು ಕೆಂಪು ಗಾರೆಯ ನೆಲದ ಮೇಲೆ ಬರಿಗಾಲೂರಿ ನಿಂತಿದ್ದಾರೆ, ಅಷ್ಟೆ. ನಿಂತ ಕಡೆಯ ನೆಲ ಬೆಚ್ಚಗಾದೊಡನೆ ಎರಡು ಹೆಜ್ಜೆ ಸರಿದು ತಣ್ಣನೆಯ ಮತ್ತೊಂದು ಕಡೆ ನಿಲ್ಲುವರು. ಹೀಗೆ ಸರಿಯುತ್ತ ಸರಿಯುತ್ತ ಹಜಾರವನ್ನೆಲ್ಲ ಸುತ್ತಿ ಮುಗಿಸುವ ಹೊತ್ತಿಗೆ ಹಾಲಿನ ಹುಡುಗನ ಸೈಕಲ್ಲಿನ ಸದ್ದು ಕೇಳಿಬರುತ್ತಿತ್ತು. ಪತ್ನಿ ಎದ್ದು ಬಂದು ಕೇಳಿದರೆ, "ವಯಸ್ಸಾಯಿತಲ್ಲ, ನಿದ್ದೆ ಬರೋಲ್ಲ" ಎಂದುಬಿಡುವರು.

ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಅವರು. ಅರವತ್ತೆಂಟರ ವಯಸ್ಸು, ಸಕ್ಕರೆ ಕಾಯಿಲೆಯ ಸಹವಾಸ ಹದಿನಾರು ವರ್ಷದ್ದು. ಅದನ್ನು ಅವರು ಎಂದೂ ದೊಡ್ಡ ಶತ್ರುವೆಂದು ಎಣಿಸಿದವರಲ್ಲ. ಹಬ್ಬದ ದಿನ ಹೋಳಿಗೆಯನ್ನು ಅರ್ಧ ಮುರಿದಿಟ್ಟು, ಆ ಅರ್ಧವನ್ನು ಸಂಜೆ ತಿನ್ನುವುದೇ ಪಥ್ಯವೆಂಬ ನಂಬಿಕೆಯಲ್ಲಿ ಕಾಲ ಸಾಗಿತ್ತು. ಮೊದಲು ಕಾಲ್ಬೆರಳುಗಳಲ್ಲಿ ಇರುವೆ ಹರಿದಂತಾಯಿತು. ಆಮೇಲೆ ಜೋಮು. ಆಮೇಲೆ ಉರಿ. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಮಲಗಿದೊಡನೆ ಅಂಗಾಲಿನ ಕೆಳಗೆ ಯಾರೋ ಕೆಂಡದ ತಟ್ಟೆ ಇರಿಸಿದಂತೆ. ಧಾರವಾಡದ ಸೊಸೆ ತಂದಿದ್ದ, ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಮೆತ್ತನೆಯ ಕೌದಿಯೂ ಪಾದದ ಮೇಲೆ ಬಿದ್ದರೆ ಮುಳ್ಳಿನ ಹೊರೆಯಾಗುತ್ತಿತ್ತು. ಬಟ್ಟೆಯೊಂದು ತಗುಲಿದರೆ ನೋವು ಎಂದು ಗಂಡಸೊಬ್ಬನು ಯಾರ ಮುಂದೆ ಹೇಳಿಕೊಳ್ಳಬೇಕು? ಪಾದ ನೋಡಿದರೆ ಎಂದಿನ ಪಾದವೇ. ಬಾವಿಲ್ಲ, ಕೆಂಪಿಲ್ಲ, ಗಾಯವಿಲ್ಲ.

ಇನ್ನೊಂದು ಸಂಕಟವಿತ್ತು. ದೇವರಾಜ ಮಾರುಕಟ್ಟೆಯಲ್ಲಿ ಹೂ ಕೊಳ್ಳುತ್ತ ನಿಂತರೆ ಯಾರಾದರೂ ನಡುವಯಸ್ಸಿನ ಶಿಷ್ಯ ಓಡಿಬಂದು, "ಸಾರ್, ಗುರುತು ಸಿಕ್ಕಿತೇ?" ಎಂದು ಬಗ್ಗಿ ಕಾಲು ಮುಟ್ಟುವನು. ಹಿಂದೆ ಅದು ದಿನವೆಲ್ಲ ನೆನೆಯುವಂಥ ಸಂತೋಷ. ಈಗ ಶಿಷ್ಯನ ಬೆರಳು ಪಾದ ಸವರಿದೊಡನೆ ಹಲ್ಲು ಕಚ್ಚಿಕೊಂಡು ಆಶೀರ್ವಾದ ಮಾಡಬೇಕು. ಮುಖ ಕಿವುಚಿದ್ದನ್ನು ಕಂಡ ಒಬ್ಬನಂತೂ, ತಾನು ಹಿಂದೆ ಮಾಡಿದ ತುಂಟತನವನ್ನು ಮೇಷ್ಟರು ಇನ್ನೂ ಕ್ಷಮಿಸಿಲ್ಲವೆಂದೇ ತಿಳಿದು ಪೆಚ್ಚಾಗಿ ಹೋದನು.

ನೋವಿನ ಸುದ್ದಿ ಮನೆಯಲ್ಲಿ ಗೊತ್ತಾದರೆ ಪತ್ನಿ ಮಗನಿಗೆ ಫೋನ್ ಮಾಡುತ್ತಾರೆ, ಮಗ ರಜ ಹಾಕಿ ಬರುತ್ತಾನೆ, ಆಸ್ಪತ್ರೆಗಳ ಸುತ್ತಾಟ ಮೊದಲಾಗುತ್ತದೆ; ಇದೆಲ್ಲ ಬೇಡವೆಂದು ಮೇಷ್ಟರು ತಮ್ಮ ಚಿಕಿತ್ಸೆಯನ್ನು ತಾವೇ ಕೈಗೊಂಡರು. ಬಿಸಿನೀರಿಗೆ ಉಪ್ಪು ಹಾಕಿ ಕಾಲು ಅದ್ದಿಕೊಂಡರೆ ಎಂಥ ನೋವೂ ಇಳಿಯುತ್ತದೆಂದು ನೆರೆಮನೆಯವರೊಬ್ಬರು ಹೇಳಿದ್ದರು. ಒಂದು ರಾತ್ರಿ ಸದ್ದಿಲ್ಲದೆ ಬಚ್ಚಲಿನಲ್ಲಿ ಬಕೆಟ್ ತುಂಬಿಸಿ ಅರ್ಧ ಗಂಟೆ ಕಾಲು ಮುಳುಗಿಸಿ ಕುಳಿತರು. ನೀರು ಹಿತವಾಗಿತ್ತು. ಕೌದಿಯನ್ನು ತಾಳಲಾರದ ಕಾಲು ಆ ನೀರನ್ನು ತಾಳಿತು. ಅದೇ ಅಪಾಯದ ಸೂಚನೆಯೆಂದು ಲೆಕ್ಕದ ಮೇಷ್ಟರಿಗೆ ಹೊಳೆಯಲಿಲ್ಲ.

ಎರಡು ದಿನ ಕಳೆದು ಭೀಮನ ಅಮಾವಾಸ್ಯೆ ಬಂತು. ಮದುವೆಯಾದಾಗಿನಿಂದ ತಪ್ಪದೆ ನಡೆದ ಪಾದಪೂಜೆ. "ಈ ವರ್ಷ ಬೇಡ, ನಿನಗೂ ಮಂಡಿ ನೋವು, ಬಗ್ಗೋದು ಕಷ್ಟ" ಎಂದು ಮೇಷ್ಟರು ತಪ್ಪಿಸಿಕೊಳ್ಳಲು ನೋಡಿದರು. ಪತ್ನಿ ಕೇಳುವವರಲ್ಲ. ತಟ್ಟೆ ಇಟ್ಟು, ಚೊಂಬಿನ ನೀರು ಹಿಡಿದು, ಎಡಗಾಲನ್ನು ಎತ್ತಿ ತಟ್ಟೆಯೊಳಗೆ ಇಡುವಾಗ ಅಂಗಾಲಿನ ಅಂಚಿನಲ್ಲಿ ಒಡೆದ ನೀರುಗುಳ್ಳೆ ಕಂಡಿತು. ರೂಪಾಯಿಯಗಲದ ಹಸಿ ಗಾಯ, ಸುತ್ತ ಕೆಂಪು.

"ಇದೇನೂಂದ್ರೆ! ನೋಯ್ತಾ ಇಲ್ವೇ?"

"ಇಲ್ಲ ಕಣೇ" ಎಂದರು ಮೇಷ್ಟರು. ಅದು ನಿಜವಾಗಿತ್ತು.

"ಮತ್ತೆ ರಾತ್ರಿಯೆಲ್ಲ ಹಜಾರದಲ್ಲಿ ಯಾಕೆ ತಿರುಗ್ತೀರಿ? ನಾನೇನು ನಿದ್ದೆ ಮಾಡ್ತಾ ಇರ್ತೀನಿ ಅಂದ್ಕೊಂಡ್ರಾ?"

ಅರಿಸಿನ ಕುಂಕುಮ ಹಾಗೆಯೇ ಉಳಿಯಿತು. ಹಬ್ಬದಡುಗೆಗೂ ಮೊದಲೇ ಆಟೋ ಬಂದು ಬಾಗಿಲಲ್ಲಿ ನಿಂತಿತು.

ವೈದ್ಯರು ಗಾಯವನ್ನು ತೊಳೆದು ಕಟ್ಟಿದ ಮೇಲೆ ಒಂದು ಟ್ಯೂನಿಂಗ್ ಫೋರ್ಕನ್ನು ಹೊರತೆಗೆದರು. ಸೆಕೆಂಡಿಗೆ 128 ಕಂಪನಗಳದ್ದು; ಶಾಲೆಯ ಪ್ರಯೋಗಶಾಲೆಯ ಹಳೆಯ ಗೆಳೆಯನನ್ನು ಕಂಡು ಮೇಷ್ಟರಿಗೆ ಖುಷಿಯಾಯಿತು. ಅದನ್ನು ಮೀಟಿ ಹೆಬ್ಬೆಟ್ಟಿನ ಮೂಳೆಯ ಮೇಲೆ ಊರಿದರೆ ಕಂಪನವೇ ತಿಳಿಯದು! ಅನಂತರ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಹಿಡಿದು, "ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದಾಗ ಹೇಳಿ" ಎಂದರು. ಮೇಷ್ಟರು ವಿಧೇಯ ವಿದ್ಯಾರ್ಥಿಯಂತೆ ಕಾದರು. ಕಾದು ಬೇಸರವಾಗಿ, "ಶುರು ಮಾಡಿ ಡಾಕ್ಟರೇ" ಎಂದರು.

"ಆಗಲೇ ನಾಲ್ಕು ಕಡೆ ಮುಟ್ಟಿದೆನಲ್ಲ, ಸಾರ್."

ಕೋಣೆ ಒಂದು ಕ್ಷಣ ನಿಶ್ಶಬ್ದವಾಯಿತು. ಹದಿನಾರು ವರ್ಷದಲ್ಲಿ ಸಕ್ಕರೆ ಕಾಯಿಲೆ ಮೇಷ್ಟರನ್ನು ನಿಜವಾಗಿ ಹೆದರಿಸಿದ್ದು ಅಂದೇ.

ವೈದ್ಯರು ತಾಳ್ಮೆಯಿಂದ ವಿವರಿಸಿದರು. ಕಾಲ್ಬೆರಳಿನ ಸುದ್ದಿಯನ್ನು ಒಯ್ಯುವ ನರದ ಜೀವಕೋಶ ಇರುವುದು ಬೆನ್ನುಮೂಳೆಯ ಮಗ್ಗುಲಲ್ಲಿ; ಅದರ ಎಳೆ ಸುಮಾರು ಒಂದು ಮೀಟರಿನಷ್ಟು ಉದ್ದ. ತುದಿಗೆ ಬೇಕಾದ ಪೋಷಣೆಯೆಲ್ಲ ಆ ಉದ್ದಕ್ಕೂ ಸಾಗಿಬರಬೇಕು. ಬೇಸಗೆಯಲ್ಲಿ ನಲ್ಲಿಯ ನೀರು ಮೊದಲು ನಿಲ್ಲುವುದು ಬೀದಿಯ ಕೊನೆಯ ಮನೆಗೆ ತಾನೇ? ವರ್ಷಾನುಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಿದರೆ ಕೆಡುವುದೂ ಮೊದಲು ಆ ಉದ್ದನೆಯ ಎಳೆಗಳೇ. ಆದ್ದರಿಂದಲೇ ಈ ಬೇನೆ ಬೆರಳಿನಿಂದ ಮೇಲಕ್ಕೆ, ಕಾಲುಚೀಲ ತೊಟ್ಟ ಹಾಗೆ ಏರುತ್ತದೆ. ಕೆಟ್ಟ ನರ ಎರಡು ತಪ್ಪು ಮಾಡುತ್ತದೆ. ಕಳ್ಳ ಬಂದಾಗ ಬೊಗಳದೆ, ಯಾರೂ ಇಲ್ಲದಾಗ ರಾತ್ರಿಯೆಲ್ಲ ಬೊಗಳುವ ನಾಯಿಯಂತೆ, ಸುಡುವ ನೀರಿನ ಸುದ್ದಿಯನ್ನು ನುಂಗಿಕೊಂಡು, ಇಲ್ಲದ ಬೆಂಕಿಯ ಸುದ್ದಿಯನ್ನು ಸಾರುತ್ತದೆ.

ಹೀಗಾಗಿ ತಲೆನೋವಿನ ಮಾತ್ರೆಗಳು ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬಾರವು. ಮೇಷ್ಟರು ಗುಟ್ಟಾಗಿ ನುಂಗುತ್ತಿದ್ದ ಜಾತಿಯ ಕೆಲವು ಮಾತ್ರೆಗಳು ಮೂತ್ರಪಿಂಡಕ್ಕೆ ಹೊರೆಯಾಗುವಂಥವು ಬೇರೆ. ಕೆಲಸ ಮಾಡುವುದು ಬೊಗಳುವ ನಾಯಿಯನ್ನು ಸುಮ್ಮನಿರಿಸುವ ಔಷಧಗಳು. ಅವುಗಳಲ್ಲಿ ಕೆಲವು ಮೊದಲು ಖಿನ್ನತೆಗೆ, ಕೆಲವು ಅಪಸ್ಮಾರಕ್ಕೆ ಬಂದಂಥವು. ಅಮಿಟ್ರಿಪ್ಟಿಲೀನ್ 10 ಮಿಲಿಗ್ರಾಂ ರಾತ್ರಿಗೊಂದರಂತೆ ಮೊದಲಾಯಿತು. ನಿದ್ದೆಯೇನೋ ಬಂತು, ಆದರೆ ಬಾಯಿ ಒಣಗಿ, ಮೂತ್ರ ಕಟ್ಟಿದಂತಾಯಿತು. ವಯಸ್ಸಾದ ಗಂಡಸರಿಗೆ ಅದು ಅಷ್ಟಾಗಿ ಒಗ್ಗದೆಂದು ಹೇಳಿ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ ನೋಡಿ, ವೈದ್ಯರು ಪ್ರೀಗ್ಯಾಬಲಿನ್ ಎಂಬ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಬರೆದರು. ಮೊದಲ ವಾರ ಮೇಷ್ಟರು ಗೋಡೆ ಹಿಡಿದು ನಡೆದರು. ಕಂಡವರು ಏನೆಂದುಕೊಳ್ಳುತ್ತಾರೋ ಎಂಬ ನಾಚಿಕೆಯೇ ತಲೆಸುತ್ತಿಗಿಂತ ಹೆಚ್ಚಾಗಿತ್ತು.

"ಪೂರ್ತಿ ಹೋಗುತ್ತದೆಯೇ?" ಎಂಬ ಪ್ರಶ್ನೆಗೆ ವೈದ್ಯರು ಸುಳ್ಳಾಡಲಿಲ್ಲ. ಅರ್ಧಕ್ಕೆ ಇಳಿದರೆ ಗೆದ್ದಂತೆ ಎಂದರು. ಮೇಷ್ಟರು ಒಂದು ನೋಟ್‌ಪುಸ್ತಕ ಹಾಕಿ, ದಿನವೂ ನೋವಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡತೊಡಗಿದರು. ಎಂಟು, ಎಂಟು, ಏಳು, ಎಂಟು, ಆರು. ಅಂಕ ಇಳಿಯುವುದನ್ನು ಕಂಡು ಹಿಗ್ಗಿದ್ದು ಅವರ ವೃತ್ತಿಜೀವನದಲ್ಲೇ ಅದು ಮೊದಲು. ನಾಲ್ಕನೆಯ ವಾರದಲ್ಲಿ ನಾಲ್ಕು ಬಂದೊಡನೆ, ಇನ್ನೇಕೆ ಮಾತ್ರೆ ಎಂದು ಯಾರನ್ನೂ ಕೇಳದೆ ನಿಲ್ಲಿಸಿಬಿಟ್ಟರು. ಮೂರೇ ರಾತ್ರಿ. ಬೆವರು, ತಳಮಳ, ಮತ್ತೆ ಎಂಟು. ಈ ಮಾತ್ರೆಯನ್ನು ಹೀಗೆ ಥಟ್ಟನೆ ಬಿಡುವಂತಿಲ್ಲ, ಇಳಿಸುವುದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕೆಂದು ವೈದ್ಯರಿಂದ ಬೈಸಿಕೊಂಡದ್ದೂ ಆಯಿತು. ಮನೆಗೆ ಬಂದು ಪತ್ನಿಯಿಂದ ಬೈಸಿಕೊಂಡದ್ದು ಬೇರೆ ಲೆಕ್ಕ.

ರಕ್ತಪರೀಕ್ಷೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ನರಗಳಿಗೆ ಬೇಕೇಬೇಕಾದ ಬಿ12 ಜೀವಸತ್ವ ಕಡಮೆಯಾಗಿತ್ತು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುವರ್ಷ ತೆಗೆದುಕೊಂಡವರಲ್ಲಿ ಅದು ಇಳಿಯುವುದುಂಟು, ಮೇಲಾಗಿ ಸಸ್ಯಾಹಾರ. ಸೊಪ್ಪು ತರಕಾರಿಗಳಲ್ಲಿ ಅದು ಇಲ್ಲ. ಹಾಲು ಮೊಸರಿನಲ್ಲಿ ಸಿಕ್ಕಿದಷ್ಟೇ. ಚುಚ್ಚುಮದ್ದುಗಳಿಂದ ಆ ಕೊರತೆ ತುಂಬಿತು.

ಗಾಯ ಮಾಯಲು ಆರು ವಾರ ಹಿಡಿಯಿತು. ಅದು ಮಾಯ್ದ ಮೇಲೆ ಬಂದದ್ದು ಮೆಣಸಿನಕಾಯಿಯ ಮುಲಾಮು. ಉರಿಯುವ ಕಾಲಿಗೆ ಖಾರ ಹಚ್ಚುವುದನ್ನು ಕೇಳಿ ಪತ್ನಿ ಬಿದ್ದು ಬಿದ್ದು ನಕ್ಕರು. ಆದರೆ ಮೆಣಸಿನಕಾಯಿಯ ಖಾರವೂ ಬೆಂಕಿಯ ಬಿಸಿಯೂ ನರದ ಒಂದೇ ಬಾಗಿಲನ್ನು ತಟ್ಟುತ್ತವೆ. ಅದನ್ನು ತೋರಿಸಿಕೊಟ್ಟ ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಬಂತು. ದಿನದಿನವೂ ತಟ್ಟಿಸಿಕೊಂಡು ಆ ಬಾಗಿಲು ದಣಿಯುತ್ತದೆ. ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಯಿಂದ ಈ ಕೆಲಸ ಆಗಲಾರದು, ಗುಂಟೂರಿನದೇ ಆಗಬೇಕೆಂದು ಪತ್ನಿ ತೀರ್ಪಿತ್ತರು. ಒಂದು ರಾತ್ರಿ ಮುಲಾಮು ಹಚ್ಚಿದ ಕೈಯನ್ನು ತೊಳೆಯದೆ ಕಣ್ಣುಜ್ಜಿಕೊಂಡ ಮೇಷ್ಟರು, ಕಾಲಿನ ನೋವನ್ನು ಒಂದು ಗಂಟೆಯ ಕಾಲ ಪೂರ್ಣವಾಗಿ ಮರೆತರು.

ಕಾಲಿಗೆ ಹೊಸ ಚಪ್ಪಲಿ ಬಂತು. ದಪ್ಪ ಅಟ್ಟೆಯ, ಹಿಮ್ಮಡಿಗೆ ಪಟ್ಟಿಯಿದ್ದ ಅದನ್ನು ಕಂಡು, "ಇದು ರೋಗಿಗಳ ಚಪ್ಪಲಿ" ಎಂದು ಮೇಷ್ಟರು ಮುಖ ತಿರುಗಿಸಿದರು. ಆಗ ವೈದ್ಯರು ವೆಲ್ಲೂರಿನ ಕಥೆ ಹೇಳಿದರು. 1946ರಲ್ಲಿ ಅಲ್ಲಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಬೆರಳುಗಳು ರೋಗದಿಂದಲೇ ಕೊಳೆತು ಬೀಳುವುದಿಲ್ಲ, ನೋವು ತಿಳಿಯದೆ ಆಗುವ ಗಾಯಗಳಿಂದ ಹಾಳಾಗುತ್ತವೆ ಎಂಬುದನ್ನು ಕಂಡುಕೊಂಡರು. ಅವರೂ ಅವರ ಸಂಗಡಿಗರೂ ಆ ಕಾಲುಗಳಿಗಾಗಿ ಮೃದುವಾದ ರಬ್ಬರಿನ ಅಟ್ಟೆಯ ಪಾದರಕ್ಷೆಗಳನ್ನು ಮಾಡಿಸಿದರು. ಊರ ಹೊರಗೆ ತಳ್ಳಿಸಿಕೊಂಡವರಿಗಾಗಿ ಹುಟ್ಟಿದ ಆ ಅಟ್ಟೆಯೇ ಇಂದು ಸಕ್ಕರೆ ಕಾಯಿಲೆಯ ದೊಡ್ಡಮನುಷ್ಯರ ಕಾಲುಗಳನ್ನೂ ಕಾಯುತ್ತಿದೆ. ಮೇಷ್ಟರು ಮಾತಾಡದೆ ಚಪ್ಪಲಿ ಮೆಟ್ಟಿಕೊಂಡರು.

ಈಗ ಮನೆಯೊಳಗೂ ಬರಿಗಾಲಿಲ್ಲ. ನಡುರಾತ್ರಿ ಗಾರೆಯ ನೆಲದ ಮೇಲೆ ನಿಲ್ಲುವುದು ನಿಂತಿದೆ. ಚಪ್ಪಲಿಯನ್ನು ಕೊಡವಿ, ಒಳಗೆ ಕೈಯಾಡಿಸಿ ನೋಡಿಯೇ ಮೆಟ್ಟುವುದು. ಹಾಗೆ ನೋಡುವಾಗ ಒಮ್ಮೆ ಹುಣಿಸೆಬೀಜ, ಒಮ್ಮೆ ಮೊಮ್ಮಗನ ಆಟಿಕೆಯ ಚೂಪಾದ ಚೂರು ಸಿಕ್ಕಿದ್ದವು. ಸ್ನಾನದ ನೀರಿಗೆ ಮೊದಲು ಮೊಣಕೈ. ಹಿಮ್ಮಡಿಗೆ ಕೊಬ್ಬರಿ ಎಣ್ಣೆ, ಬೆರಳ ಸಂದಿಗೆ ಮಾತ್ರ ಇಲ್ಲ, ಅಲ್ಲಿ ಒದ್ದೆ ನಿಂತರೆ ಹುಣ್ಣಾಗುತ್ತದೆ. ದೇವಸ್ಥಾನಕ್ಕೆ ಕಲ್ಲು ಕಾಯುವ ಮೊದಲೇ, ಬೆಳಗ್ಗೆ. ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡಿಗೆ. ನಡೆದ ದಿನ ರಾತ್ರಿಯ ಅಂಕ ಒಂದಾದರೂ ಕಡಮೆ ಎಂದು ನೋಟ್‌ಪುಸ್ತಕ ಹೇಳುತ್ತದೆ. ಕೌದಿ ಮೊಣಕಾಲಿನವರೆಗೆ ಮಾತ್ರ. ಮುರಿದ ಹೋಳಿಗೆಯ ಉಳಿದರ್ಧ ಈಗ ಮೊಮ್ಮಗನದು. ಆದರೂ ಕೆಲವು ರಾತ್ರಿ ಆರು ಬರುತ್ತದೆ. ಅಂದು ರೇಡಿಯೊ ಹಾಕಿಕೊಂಡು ಕುಳಿತುಕೊಳ್ಳುವರು, ಪತ್ನಿಯೂ ಎದ್ದು ಬಂದು ಜೊತೆಗೆ ಕುಳಿತುಕೊಳ್ಳುವರು. ಸುಳ್ಳು ಹೇಳಬೇಕಾದ ಕೆಲಸವೊಂದು ತಪ್ಪಿದೆ.

ಮುಖ್ಯವಾದ ಕಾರ್ಯಕ್ರಮ ರಾತ್ರಿ ಊಟವಾದ ಮೇಲೆ. ಪತ್ನಿ ಕನ್ನಡಕ ಏರಿಸಿ, ಟಾರ್ಚು ಹಿಡಿದು, ಎರಡು ಪಾದಗಳನ್ನೂ ಬೆರಳು ಬೆರಳಾಗಿ, ಸಂದಿ ಸಂದಿಯಾಗಿ ನೋಡುವರು. ವರ್ಷಕ್ಕೊಮ್ಮೆ ಇದ್ದ ಭೀಮನ ಅಮಾವಾಸ್ಯೆ ದಿನವೂ ಬಂದಂತಾಯಿತಲ್ಲ ಎಂದು ಮೇಷ್ಟರು ಹಾಸ್ಯ ಮಾಡಿದ್ದುಂಟು. ಮೊದಮೊದಲು ಅವರಿಗೆ ಮುಜುಗರ, ಆಮೇಲೆ ರೂಢಿ.

ಒಂದು ರಾತ್ರಿ ಟಾರ್ಚನ್ನು ಅವರ ಕೈಯಿಂದ ತೆಗೆದುಕೊಂಡು ಮೇಷ್ಟರು, "ಈಗ ನಿನ್ನ ಕಾಲು ತೋರಿಸು" ಎಂದರು. ಆಕೆಗೂ ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ನುಂಗುವುದರ ಹೊರತು ಮತ್ತೇನನ್ನೂ ಯಾರೂ ವಿಚಾರಿಸಿದವರಿರಲಿಲ್ಲ.

"ಶಿವನೇ! ನೀವು ನನ್ನ ಕಾಲು ಮುಟ್ಟೋದೇ? ಪಾಪ ಬರುತ್ತೆ, ಬಿಡಿ."

"ಬಂದರೆ ನನಗೆ ಬರಲಿ. ಕಣ್ಣು ಮುಚ್ಚಿಕೋ."

ವೈದ್ಯರು ಹೇಳಿಕೊಟ್ಟಿದ್ದ ಸುಲಭವಾದ ಪರೀಕ್ಷೆಯೊಂದಿತ್ತು. ಎರಡು ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು, ಒತ್ತಬಾರದು. ಆರರಲ್ಲಿ ಎರಡು ತಿಳಿಯದೆ ಹೋದರೆ ತೋರಿಸಬೇಕು. ಆಕೆ ಕಣ್ಣು ಮುಚ್ಚಿದರು. "ಬಲಗಾಲು" ಎಂದರು. "ಬಲಗಾಲು" ಎಂದರು. ಸ್ವಲ್ಪ ತಡೆದು "ಎಡಗಾಲು" ಎಂದರು. ಮತ್ತೊಮ್ಮೆ "ಎಡಗಾಲು" ಎಂದರು. ಆಮೇಲೆ ಸುಮ್ಮನಾದರು. ಗಡಿಯಾರದ ಸದ್ದು ಕೇಳಿಸುತ್ತಿತ್ತು.

"ಬೇಗ ಮುಗಿಸೀಂದ್ರೆ, ಹಾಲಿಗೆ ಹೆಪ್ಪು ಹಾಕಬೇಕು" ಎಂದರು ಕಣ್ಣು ತೆರೆಯದೆ.

ಮೇಷ್ಟರು ಆಗಲೇ ಎರಡು ಕಾಲಿನ ಕಿರುಬೆರಳುಗಳನ್ನೂ ಮುಟ್ಟಿಯಾಗಿತ್ತು. ಆಯಿತೆಂದು ಹೇಳಿ ಟಾರ್ಚು ಆರಿಸಿದರು. ಮರುದಿನ ಬೆಳಗ್ಗೆ ವೈದ್ಯರಲ್ಲಿಗೆ ಫೋನ್ ಮಾಡಿ ಶುಕ್ರವಾರದ ಸರದಿಗೆ ಎರಡು ಹೆಸರು ಬರೆಸಿ, ನಡಿಗೆಯಿಂದ ಬರುವಾಗ ಚಪ್ಪಲಿಯಂಗಡಿಯಲ್ಲಿ ಹೆಂಗಸರ ಅಳತೆಯಲ್ಲಿ ಆ ಮೃದು ಅಟ್ಟೆಯದು ಇದೆಯೇ ಎಂದು ವಿಚಾರಿಸಿಕೊಂಡು ಬಂದರು.