ನೀರಿನ ಲೆಕ್ಕ

ಕಾಯಿಲೆಗಳಲ್ಲೂ ಮರ್ಯಾದಸ್ಥ ಕಾಯಿಲೆ, ಮರ್ಯಾದೆಗೆಟ್ಟ ಕಾಯಿಲೆ ಎಂಬ ಭೇದವಿದೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತು, "ನನಗೆ ಬಿ.ಪಿ., ಉಪ್ಪಿನಕಾಯಿ ಬೇಡಿ" ಎಂದು ಹತ್ತು ಜನಕ್ಕೆ ಕೇಳುವಂತೆ ಹೇಳಬಹುದು. ಹಾರ್ಟಿನ ಆಪರೇಷನ್ ಆದವರನ್ನಂತೂ ಕುರ್ಚಿ ಹಾಕಿ ಕೂರಿಸಿ ಕಥೆ ಹೇಳಿಸಿಕೊಳ್ಳುತ್ತೇವೆ. ಮಂಡಿನೋವಿನವರು ಸೇರಿದರೆ ಒಂದು ಮಹಿಳಾ ಸಮಾಜವನ್ನೇ ಕಟ್ಟಬಹುದು. ಆದರೆ ಸೊಂಟದಿಂದ ಕೆಳಗಿನ ಮಾತು ಬಂತೋ, ದನಿ ತಾನಾಗಿ ಇಳಿಯುತ್ತದೆ, ಕಣ್ಣು ಬಾಗಿಲ ಕಡೆ ಹೋಗುತ್ತದೆ. ಅದರಲ್ಲೂ ಮೂತ್ರದ ಮಾತು! "ಒಂದಕ್ಕೆ", "ಬಚ್ಚಲಿಗೆ", "ಬಾತ್‌ರೂಮಿಗೆ" ಎಂದು ಸುತ್ತಿ ಬಳಸಿ ಹೇಳಿಯೇ ಜೀವಮಾನ ಕಳೆದ ನಮಗೆ, ಅದಕ್ಕೇ ಕಾಯಿಲೆ ಬಂದರೆ ಡಾಕ್ಟರ ಮುಂದೆ ಯಾವ ಹೆಸರಿನಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ.

ನನಗೆ ಬಂದದ್ದು ಅಂಥ ಕಾಯಿಲೆ. 2008ರ ಬೇಸಿಗೆಯಲ್ಲಿ ಬಾಯಾರಿಕೆ ಶುರುವಾಯಿತು. ಬಿಸಿಲಿಗೆ ಹೀಗೆ, ಮಳೆ ಹಿಡಿದರೆ ಸರಿಹೋಗುತ್ತದೆ ಎಂದರು ಎಲ್ಲರೂ. ಶಿವಮೊಗ್ಗದಲ್ಲಿ ಮಳೆ ಹಿಡಿಯಿತು, ತುಂಗೆ ತುಂಬಿ ಹರಿಯಿತು, ನನ್ನ ಬಾಯಾರಿಕೆ ಮಾತ್ರ ಹೋಗಲಿಲ್ಲ. ಅದೂ ತಣ್ಣೀರೇ ಬೇಕು. ಆಷಾಢದ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಫ್ರಿಜ್ಜಿನ ಮುಂದೆ ನಿಂತು ಬಾಟಲಿಗಟ್ಟಲೆ ಕುಡಿಯುತ್ತಿದ್ದೆ. ಕುಡಿದ ನೀರು ಹೊಟ್ಟೆಯಲ್ಲಿ ನೆಂಟರ ಹಾಗೆ ಒಂದು ಗಳಿಗೆ ಕೂತು ಎದ್ದು ಹೋಗುತ್ತಿತ್ತು. ರಾತ್ರಿ ಗಂಟೆಗೊಮ್ಮೆ ಏಳಬೇಕು. ಬಣ್ಣವಿಲ್ಲ, ವಾಸನೆಯಿಲ್ಲ, ನಲ್ಲಿ ನೀರಿನಂಥದೇ ನೀರು. ನಿದ್ದೆ ಕೆಟ್ಟು ಮೂರು ತಿಂಗಳಲ್ಲಿ ಮುಖ ಒಣಗಿದ ನಿಂಬೆಹಣ್ಣಿನ ಹಾಗಾಯಿತು.

ಸಕ್ಕರೆ ಕಾಯಿಲೆಯೇ ಎಂದು ಮನೆಯವರು, ನೆಂಟರು, ಹಾಲಿನವಳು ಕೂಡ ತೀರ್ಮಾನಿಸಿಬಿಟ್ಟರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿಯೇ ಇತ್ತು. ಮತ್ತೊಮ್ಮೆ ಮಾಡಿಸಿದರೂ ಅಷ್ಟೇ. ಕೊನೆಗೆ ಬೆಂಗಳೂರಿನ ತಜ್ಞರೊಬ್ಬರು, "ಇದು ಡಯಾಬಿಟಿಸ್ ಇನ್ಸಿಪಿಡಸ್ ಇರಬಹುದು" ಎಂದರು. ಅವರ ಮಾತಿನಲ್ಲಿ ಮೊದಲ ಅರ್ಧ ಮಾತ್ರ ನಮ್ಮ ಮನೆಯವರ ಕಿವಿಗೆ ಬಿತ್ತು. ಮುಂದಿನ ಯುಗಾದಿಗೆ ನನ್ನ ಎಲೆಗೆ ಹೋಳಿಗೆ ಬೀಳಲಿಲ್ಲ. ನಾನೇ ಬೇಳೆ ಬೇಯಿಸಿ, ಹೂರಣ ರುಬ್ಬಿ, ತಟ್ಟಿ ಬೇಯಿಸಿದ ಹೋಳಿಗೆ! "ನಿಂಗೆ ಡಯಾಬಿಟಿಸ್ ಅಲ್ವೇನೇ?" ಎಂದು ಅತ್ತೆ ಪ್ರೀತಿಯಿಂದಲೇ ತಟ್ಟೆ ಆಚೆ ಸರಿಸಿದರು.

ತಪ್ಪು ಅತ್ತೆಯದಲ್ಲ, ಹೆಸರಿಟ್ಟವರದು. ಮೂತ್ರ ಸಿಹಿಯಾಗಿದ್ದರೆ ಅದು ಮೆಲ್ಲಿಟಸ್, ಅಂದರೆ ಜೇನಿನಂಥದು. ರುಚಿಯಿಲ್ಲದೆ ಸಪ್ಪೆಯಾಗಿದ್ದರೆ ಇನ್ಸಿಪಿಡಸ್. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯರು ಮೂತ್ರದ ಸಿಹಿಯನ್ನು ರುಚಿ ನೋಡಿಯೇ ಹೇಳಿದ್ದರು. ನಮ್ಮ ಆಯುರ್ವೇದದವರು ಅದಕ್ಕೂ ಎಷ್ಟೋ ಮೊದಲು ಇಪ್ಪತ್ತು ಬಗೆಯ ಪ್ರಮೇಹ ಎಣಿಸಿ, ಮಧುಮೇಹವನ್ನು ಬೇರೆ, ನೀರಿನಂತೆ ಹೋಗುವ ಉದಕಮೇಹವನ್ನು ಬೇರೆ ಇಟ್ಟಿದ್ದರು. ಎರಡಕ್ಕೂ ಡಯಾಬಿಟಿಸ್ ಎಂದೇ ಹೆಸರಿದ್ದದ್ದು ಹೋಳಿಗೆ ತಪ್ಪಿಸುವಷ್ಟಕ್ಕೇ ನಿಂತಿದ್ದರೆ ನಗಬಹುದಿತ್ತು. 2009ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಸೊಂಟದ ಆಪರೇಷನ್ನಿಗೆ ಸೇರಿದ್ದ ಇದೇ ಕಾಯಿಲೆಯ ತರುಣನಿಗೆ ಅವನ ದಿನದ ಔಷಧಿ ಕೊಡಲಿಲ್ಲ. ಬಾಯಾರಿ ಬಾಯಾರಿ, ಹಾಸಿಗೆಯಿಂದಲೇ ಪೊಲೀಸರಿಗೆ ಫೋನು ಮಾಡಿ ನೀರು ಕೇಳಿದನಂತೆ. ಉಳಿಯಲಿಲ್ಲ. ಅಂಥ ಗೊಂದಲಗಳ ಕಾರಣದಿಂದಲೇ 2022ರಲ್ಲಿ ಹಾರ್ಮೋನು ತಜ್ಞರು ಸೇರಿ ಹೆಸರು ಬದಲಿಸಲು ಹೇಳಿದರು. ಈಗ ನನ್ನದು 'ಆರ್ಜಿನೀನ್ ವಾಸೋಪ್ರೆಸ್ಸಿನ್ ಕೊರತೆ'. ಹೇಳಲು ನಾಲಿಗೆ ತಿರುಗುವುದಿಲ್ಲ, ಆದರೆ ಹೋಳಿಗೆ ತಪ್ಪುವುದಿಲ್ಲ.

ಕಾಯಿಲೆ ಖಚಿತವಾಗಬೇಕಾದರೆ ನೀರು ಬಿಡಿಸಿ ನೋಡಬೇಕು ಎಂದರು. ಬೆಳಿಗ್ಗೆಯಿಂದ ಒಂದು ಹನಿ ನೀರಿಲ್ಲ. ಗಂಟೆಗೊಮ್ಮೆ ತೂಕ, ಗಂಟೆಗೊಮ್ಮೆ ಗೀಟು ಹಾಕಿದ ಜಾಡಿಯಲ್ಲಿ ಮೂತ್ರದ ಅಳತೆ. ಏಕಾದಶಿಯ ನಿರ್ಜಲ ಉಪವಾಸ ಮಾಡಿದವಳು ನಾನು, ಇದೇನು ಮಹಾ ಎಂದುಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಒಳಗೆ ನೀರು ಹೋಗದಿದ್ದರೂ ಹೊರಗೆ ಹೋಗುವುದು ನಿಲ್ಲಲಿಲ್ಲ. ಗೋಡೆಯ ಆಚೆ ಯಾರೋ ಬಕೆಟ್ಟಿಗೆ ನಲ್ಲಿ ಬಿಟ್ಟ ಸದ್ದಿಗೆ ಕಣ್ಣಲ್ಲಿ ನೀರು ಬಂತು. ಅಳುವುದಕ್ಕೂ ನೀರು ಖರ್ಚು ಮಾಡುತ್ತಿದ್ದೇನಲ್ಲ ಎಂದು ಒರೆಸಿಕೊಂಡೆ. ಸಂಜೆ ಒಂದು ಸಣ್ಣ ಇಂಜೆಕ್ಷನ್ ಕೊಟ್ಟರು. ಒಂದೆರಡು ಗಂಟೆ ಕಳೆದ ಮೇಲೆ ನರ್ಸಮ್ಮ ಜಾಡಿಯನ್ನು ದೀಪಕ್ಕೆ ಹಿಡಿದು, "ನೋಡಿ ಮೇಡಂ, ಬಣ್ಣ ಬಂದಿದೆ!" ಎಂದಳು. ಮಗುವಿಗೆ ಹಲ್ಲು ಬಂತು ಎನ್ನುವ ಸಂಭ್ರಮ ಆ ದನಿಯಲ್ಲಿತ್ತು. ಆ ಹಳದಿಯನ್ನು ನಾನೂ ಬಂಗಾರ ನೋಡುವಂತೆ ನೋಡಿದೆ.

ಆ ಇಂಜೆಕ್ಷನ್ನಿನ ಹೆಸರು ಡೆಸ್ಮೋಪ್ರೆಸ್ಸಿನ್. ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವಂತೆ. ಅಷ್ಟೂ ಹೊರಗೆ ಹೋದರೆ ಮನುಷ್ಯ ಒಂದು ದಿನ ಬದುಕುವುದಿಲ್ಲ. ಹೆಚ್ಚಿನದನ್ನೆಲ್ಲ ಹಿಂದಕ್ಕೆ ಎಳೆದುಕೊಂಡು ಒಂದೂವರೆ ಎರಡು ಲೀಟರನ್ನಷ್ಟೇ ಹೊರಗೆ ಬಿಡುತ್ತವೆ. ಕೊನೆಯ ಹಂತದ ಈ ಉಳಿತಾಯಕ್ಕೆ ಅಪ್ಪಣೆ ಕೊಡುವುದು ವಾಸೋಪ್ರೆಸ್ಸಿನ್ ಎಂಬ ಹಾರ್ಮೋನು. ಮಿದುಳಿನಲ್ಲಿ ತಯಾರಾಗಿ, ಅದರ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ದಾಸ್ತಾನಿರುತ್ತದೆ. ಅದರ ಅಪ್ಪಣೆಯಾದಾಗ ಮೂತ್ರಪಿಂಡದಲ್ಲಿ ನೀರಿನ ಸಣ್ಣ ಬಾಗಿಲುಗಳು ತೆರೆದು, ನೀರು ದೇಹಕ್ಕೆ ಮರಳುತ್ತದೆ. ಆ ಬಗೆಯ ಬಾಗಿಲುಗಳನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು. ನನ್ನಲ್ಲಿ ಅಪ್ಪಣೆ ಕೊಡುವ ಯಜಮಾನನೇ ಕೆಲಸ ಬಿಟ್ಟಿದ್ದ. ಏಕೆ ಬಿಟ್ಟ ಎಂಬುದಕ್ಕೆ ಸ್ಕ್ಯಾನಿನಲ್ಲೂ ಕಾರಣ ಸಿಗಲಿಲ್ಲ. ಎಷ್ಟೋ ಜನರಲ್ಲಿ ಸಿಗುವುದಿಲ್ಲವಂತೆ.

ಹಿಂದೆ ಇದಕ್ಕೆ ದನ, ಹಂದಿಗಳ ಪಿಟ್ಯುಟರಿಯನ್ನು ಒಣಗಿಸಿ ಪುಡಿ ಮಾಡಿ ನಶ್ಯದಂತೆ ಮೂಗಿಗೆ ಏರಿಸಿಕೊಳ್ಳುತ್ತಿದ್ದರು. ಡಬ್ಬಿ ಬಡಿದು ನಶ್ಯ ಏರಿಸುತ್ತಿದ್ದ ನಮ್ಮಜ್ಜಿಯ ನೆನಪಾಗಿ ಸಂಕಟದಲ್ಲೂ ನಗು ಬಂತು. ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಈ ಹಾರ್ಮೋನು ಒಂಬತ್ತು ಅಮೈನೋ ಆಮ್ಲಗಳ ಸರಪಣಿ ಎಂದು ತೋರಿಸಿ, ಪ್ರಯೋಗಶಾಲೆಯಲ್ಲೇ ಅದನ್ನು ಕಟ್ಟಿದರು. 1955ರಲ್ಲಿ ಅವರಿಗೂ ನೊಬೆಲ್ ಬಂತು. ಆದರೆ ಸಹಜ ಹಾರ್ಮೋನು ದೇಹದಲ್ಲಿ ನಿಲ್ಲುವುದು ಕೆಲವೇ ನಿಮಿಷ, ಮೇಲೆ ರಕ್ತದೊತ್ತಡವನ್ನೂ ಏರಿಸುತ್ತದೆ. 1967ರ ಸುಮಾರಿಗೆ ಪ್ರಾಗ್ ನಗರದ ರಸಾಯನ ವಿಜ್ಞಾನಿ ಮಿಲಾನ್ ಜಾವೊರಲ್ ಮತ್ತು ಸಂಗಡಿಗರು ಈ ಒಂಬತ್ತು ಮಣಿಯ ಸರದಲ್ಲಿ ಎರಡೇ ಬದಲಾವಣೆ ಮಾಡಿದರು. ಮೊದಲ ಮಣಿಯ ಒಂದು ಕೊಂಡಿಯನ್ನು ಕಿತ್ತರು. ಎಂಟನೆಯ ಮಣಿಯ ಜಾಗಕ್ಕೆ ಕನ್ನಡಿಯೊಳಗೆ ಕಾಣುವಂಥ ಅದರ ತಿರುವು ರೂಪವನ್ನು ಪೋಣಿಸಿದರು. ಅಷ್ಟಕ್ಕೇ ಔಷಧಿ ನಿಮಿಷಗಳ ಬದಲು ಗಂಟೆಗಟ್ಟಲೆ ಕೆಲಸ ಮಾಡಿತು, ರಕ್ತದೊತ್ತಡದ ತಂಟೆಗೂ ಹೋಗಲಿಲ್ಲ. ಕರಿಮಣಿ ಪೋಣಿಸುವಾಗ ಒಂದು ಮಣಿ ಹೆಚ್ಚುಕಡಿಮೆಯಾದರೆ ಬಿಚ್ಚಿ ಮತ್ತೆ ಕಟ್ಟುವ ನಮಗೆ ಈ ಕೆಲಸದ ನಾಜೂಕು ಅರ್ಥವಾಗುತ್ತದೆ.

ನನಗೆ ಮೊದಲು ಕೊಟ್ಟದ್ದು ಮೂಗಿಗೆ ಸಿಂಪಡಿಸುವ ಔಷಧಿ. ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಅದಕ್ಕೊಂದು ಜಾಗ. ನೆಗಡಿಯಾದರೆ ಮೂಗು ಅದನ್ನು ಸರಿಯಾಗಿ ಹೀರದು. ಮಲೆನಾಡಿನ ಮಳೆಗಾಲದಲ್ಲಿ ನೆಗಡಿಯಿಲ್ಲದ ದಿನ ಯಾವುದು? ಆಮೇಲೆ ಮಾತ್ರೆಗೆ ಬದಲಾಯಿಸಿದರು. 0.1 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಪಾಲು. ಅಷ್ಟನ್ನು ನುಂಗಿ ಮೊದಲ ಸಲ ರಾತ್ರಿಯಿಡೀ ನಿದ್ದೆ ಮಾಡಿ ಎದ್ದಾಗ, ಬೆಳಗಿನ ಕಾಫಿಯ ಪರಿಮಳ ಎಷ್ಟೋ ತಿಂಗಳ ಮೇಲೆ ಮೂಗಿಗೆ ಹತ್ತಿತು.

ಡಾಕ್ಟರು ಒಂದು ಮಾತನ್ನು ಬೆರಳು ಮಡಿಸಿ ಹೇಳಿದ್ದರು: "ಬಾಯಾರಿದಾಗ ಮಾತ್ರ ಕುಡಿಯಿರಿ. ಯಾರೋ ಹೇಳಿದರೆಂದು ಚೊಂಬುಗಟ್ಟಲೆ ಕುಡಿಯಬೇಡಿ." ಔಷಧಿ ನೀರನ್ನು ಒಳಗೇ ಹಿಡಿದಿಡುತ್ತದೆ, ಮೇಲೆ ಮೇಲೆ ಸುರಿದುಕೊಂಡರೆ ರಕ್ತದ ಉಪ್ಪಿನಂಶ ತೆಳ್ಳಗಾಗುತ್ತದೆ. ಸಾರಿಗೆ ನೀರು ಹೆಚ್ಚಾದ ಹಾಗೆ. ತಲೆನೋವು, ವಾಂತಿ, ಮಂಕು, ಆಮೇಲೆ ಫಿಟ್ಸು, ಕೆಲವೊಮ್ಮೆ ಜೀವಕ್ಕೇ ಅಪಾಯ. ಬೆಳಿಗ್ಗೆ ಎದ್ದು ಮೂರು ಲೋಟ ನೀರು ಕುಡಿದರೆ ಸರ್ವರೋಗ ನಿವಾರಣೆ ಎಂದು ಹೇಳುವವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಅವರಿಗೆಲ್ಲ ಕೈಮುಗಿದು ನಾನು ನನ್ನ ಲೆಕ್ಕದಲ್ಲಿದ್ದೇನೆ.

ಈ ಲೆಕ್ಕ ಇನ್ನೊಬ್ಬರಿಗೆ ಉಪಯೋಗಕ್ಕೆ ಬಂದದ್ದು 2016ರಲ್ಲಿ. ಪಕ್ಕದ ಮನೆಯ ಹುಡುಗನಿಗೆ ಆಗ ಹತ್ತು ವರ್ಷ. ಶಾಲೆಯಿಂದ ಹಂಪಿ, ಬಾದಾಮಿಗೆ ಮೂರು ದಿನದ ಪ್ರವಾಸ ಹೊರಟಿತ್ತು. ಇಮ್ಮಡಿ ಪುಲಿಕೇಶಿಯ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದ ಹುಡುಗ, "ನಂಗೆ ಹಂಪಿ ಇಷ್ಟ ಇಲ್ಲ, ನಾನು ಹೋಗಲ್ಲ" ಎಂದು ಕೂತುಬಿಟ್ಟ. ಅವನಮ್ಮ ಹಿತ್ತಲ ಬೇಲಿಯ ಹತ್ತಿರ ಬಂದು ಪಿಸುಗುಟ್ಟಿದಳು: "ಅಕ್ಕಾ, ಅವನು ಇನ್ನೂ ಹಾಸಿಗೇಲೇ ಮಾಡ್ಕೋತಾನೆ. ಬೆಳಕು ಹರಿಯೋದ್ರೊಳಗೆ ರಗ್ಗು ಒಗೆದು ಹಾಕ್ತೀನಿ, ಯಾರಿಗೂ ಕಾಣಬಾರ್ದು ಅಂತ." ಎಳ್ಳು ಬೆಲ್ಲದ ಉಂಡೆ ತಿನ್ನಿಸಿದ್ದಾಗಿತ್ತು, ಹರಕೆಯಾಗಿತ್ತು, ಬರೆ ಹಾಕುತ್ತೇನೆಂದು ಅಪ್ಪ ಹೆದರಿಸಿದ್ದೂ ಆಗಿತ್ತು. ಡಾಕ್ಟರು ಪರೀಕ್ಷೆ ಮಾಡಿ, ಬೇರೆ ತೊಂದರೆಯಿಲ್ಲ ಎಂದು, ಪ್ರವಾಸಕ್ಕೆ ಮಾತ್ರೆ ಬರೆದುಕೊಟ್ಟಿದ್ದರು. ಚೀಟಿ ನೋಡಿದರೆ ನನ್ನದೇ ಡೆಸ್ಮೋಪ್ರೆಸ್ಸಿನ್!

ರಾತ್ರಿ ಹೊತ್ತು ಈ ಹಾರ್ಮೋನು ಹೆಚ್ಚಾಗಿ, ಮೂತ್ರ ಕಡಿಮೆಯಾಗಬೇಕು. ಹಾಸಿಗೆ ಒದ್ದೆ ಮಾಡುವ ಹಲವು ಮಕ್ಕಳಲ್ಲಿ ಈ ಏರಿಕೆ ಇಲ್ಲ ಎಂಬುದನ್ನು 1980ರ ದಶಕದಲ್ಲಿ ಡೆನ್ಮಾರ್ಕಿನ ವೈದ್ಯರು ತೋರಿಸಿದರು. ಚೀಲ ತುಂಬಿದರೂ ಮಗುವಿಗೆ ಎಚ್ಚರವಾಗುವುದಿಲ್ಲ. ಸೋಮಾರಿತನವೂ ಅಲ್ಲ, ಹಟವೂ ಅಲ್ಲ. ಏಳು ವರ್ಷದ ಹತ್ತು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಇದಿರುತ್ತದೆ. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗೆ ಚಿಕ್ಕಂದಿನಲ್ಲಿ ಇದ್ದಿದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ ನಲವತ್ತರ ಮೇಲೆ. ಇದನ್ನು ನಾನು ಅವರ ಜಗಲಿಯಲ್ಲಿ ಕೂತು ಹೇಳುತ್ತಿದ್ದಾಗ, ಹೂ ಕಟ್ಟುತ್ತಿದ್ದ ಹುಡುಗನ ಅಜ್ಜಿ ತಲೆಯೆತ್ತದೆ, "ಇವನಪ್ಪನೂ ಹೈಸ್ಕೂಲಿಗೆ ಹೋಗೋವರ್ಗೂ ಹೀಗೇ ಇದ್ದ" ಎಂದರು. ಒಳಗೆ ಪೇಪರ್ ಓದುತ್ತಿದ್ದ ಆತನ ಪೇಪರ್ ಸ್ವಲ್ಪ ಮೇಲೇರಿ ಮುಖ ಪೂರ್ತಿ ಮುಚ್ಚಿತು. ಹುಡುಗ ಮಾತ್ರ ಅಪ್ಪನ ಕಡೆಯೇ ನೋಡುತ್ತ ನಿಂತಿದ್ದ. ಅವನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಕಂಡಿರಲಿಲ್ಲ.

ಪ್ರವಾಸಕ್ಕೆ ಮೊದಲು ಮನೆಯಲ್ಲೇ ಕೆಲವು ದಿನ ಕೊಟ್ಟು ನೋಡಿ ಎಂದಿದ್ದರು ಡಾಕ್ಟರು. ಮಾತ್ರೆಗೆ ಒಂದು ಗಂಟೆ ಮೊದಲಿನಿಂದ ಎಂಟು ಗಂಟೆ ನಂತರದವರೆಗೆ ನೀರು ಬಹಳ ಮಿತ ಎಂದೂ ಹೇಳಿದ್ದರು. ಆದರೆ ಮಾತ್ರೆ ಉಷ್ಣ ಎಂದು ಅಜ್ಜಿ ಅದರ ಮೇಲೊಂದು ದೊಡ್ಡ ಲೋಟ ಹಾಲು ಕುಡಿಸಲು ಹೊರಟಿದ್ದರು! ಬೇಲಿಯ ಆಚೆಯಿಂದ ಕೇಳಿಸಿಕೊಂಡ ನಾನು ಓಡಿಹೋಗಿ ತಡೆದೆ. ಮಕ್ಕಳಲ್ಲಿ ಫಿಟ್ಸು ಕಾಣಿಸಿಕೊಂಡದ್ದರಿಂದಲೇ 2007ರಲ್ಲಿ ಅಮೆರಿಕ, ಬ್ರಿಟನ್ನುಗಳಲ್ಲಿ ಮೂಗಿನ ಸ್ಪ್ರೇಯನ್ನು ಹಾಸಿಗೆ ಒದ್ದೆ ಮಾಡುವುದಕ್ಕೆ ಕೊಡಬಾರದೆಂದರು. ಮಾತ್ರೆ ಉಳಿಯಿತು, ಎಚ್ಚರಿಕೆಯೊಂದಿಗೆ. ಜ್ವರ, ವಾಂತಿ, ಭೇದಿಯಿದ್ದ ದಿನ ಆ ಮಗುವಿಗೆ ಮಾತ್ರೆ ಬೇಡ ಎಂಬುದನ್ನೂ ಅಜ್ಜಿಗೆ ಮೂರು ಸಲ ಹೇಳಿದೆ. ಹಾಲು ಸಂಜೆ ಆರಕ್ಕೆ ಬಡ್ತಿ ಪಡೆಯಿತು.

ಹುಡುಗ ಹೋಗಿಬಂದ. ಬಂದವನೇ ಕಲ್ಲಿನ ರಥದ ಚಕ್ರ ಎಷ್ಟಿದೆ ಎಂದು ಕೈ ಅಗಲಿಸಿ ತೋರಿಸಿದ. ಹಾಸಿಗೆಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ ಶುರುವಾಯಿತು. ಬಹಳ ಮಕ್ಕಳಲ್ಲಿ ಹಾಗೇ. ಆಮೇಲೆ ಒದ್ದೆ ತಾಗಿದ ಕೂಡಲೇ ಗಂಟೆ ಬಾರಿಸುವ ಅಲಾರಂ ತರಿಸಿದರು. ಮೌರರ್ ಎಂಬ ದಂಪತಿ 1938ರಷ್ಟು ಹಿಂದೆಯೇ ಅಮೆರಿಕದಲ್ಲಿ ಪ್ರಚಾರಕ್ಕೆ ತಂದ ಉಪಾಯ ಇದು. ನಿಧಾನ, ಆದರೆ ನಿಲ್ಲುವ ಗುಣ ಇದರದೇ ಹೆಚ್ಚು. ಗಂಟೆ ಬಾರಿಸಿದಾಗ ಮಗನನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುವ ಕೆಲಸವನ್ನು ಅಪ್ಪ ತಾನಾಗಿ ವಹಿಸಿಕೊಂಡ. ಮೂರು ತಿಂಗಳು ಅರ್ಧರಾತ್ರಿಯಲ್ಲಿ ಅವರ ಮನೆಯ ದೀಪ ಹೊತ್ತುವುದು ನನ್ನ ಕಿಟಕಿಗೆ ಕಾಣುತ್ತಿತ್ತು. ಆಮೇಲೆ ಹೊತ್ತಲಿಲ್ಲ.

ಮೊನ್ನೆ ನನ್ನ ಚಿಕ್ಕಮ್ಮ ಫೋನು ಮಾಡಿದ್ದರು. ಅರವತ್ತೆಂಟು ವರ್ಷ, ಕಾಶಿ ಯಾತ್ರೆಗೆ ಹೊರಟಿದ್ದಾರೆ. "ಅದೇನೋ ಒಂದಕ್ಕೆ ಬರದ ಹಾಗೆ ಮಾಡೋ ಮಾತ್ರೆ ತಗೋತೀಯಲ್ಲೇ, ಒಂದ್ಹತ್ತು ಕೊಡು. ಬಸ್ಸಿನಲ್ಲಿ ಕೂತ್ರೆ ಹೆಂಗಸರಿಗೆ ಎಲ್ಲಿ ನಿಲ್ಲಿಸ್ತಾರೆ?" ಎಂದರು. ವಯಸ್ಸಾದವರಲ್ಲಿ ಉಪ್ಪಿನಂಶ ಇಳಿಯುವ ಅಪಾಯ ಇನ್ನೂ ಹೆಚ್ಚು, ಒಬ್ಬರ ಮಾತ್ರೆ ಇನ್ನೊಬ್ಬರಿಗಲ್ಲ ಎಂದು ಬಿಡಿಸಿ ಹೇಳಿದೆ. "ಹಾಗಾದ್ರೆ ಬಿಡು, ಮೊದಲಿನ ಹಾಗೆ ನೀರೇ ಕುಡಿಯಲ್ಲ" ಎಂದು ಫೋನಿಟ್ಟರು.

ಪ್ರಾಗಿನ ವಿಜ್ಞಾನಿಗಳು ನನ್ನಂಥವಳ ಬಾಯಾರಿಕೆಗೆ ಮದ್ದು ಕಂಡುಹಿಡಿದರು. ನೀರಿದ್ದೂ ಕುಡಿಯದೆ ಕಿಟಕಿಗೆ ತಲೆಯಾನಿಸಿ ಕೂರುವ ಈ ಬಾಯಾರಿಕೆಗೆ ಯಾವ ಪ್ರಯೋಗಶಾಲೆಯೂ ಬೇಕಿಲ್ಲ. ದಾರಿಯ ಮೇಲೊಂದು ಕೋಣೆ, ಒಳಗಿನಿಂದ ಹಾಕಿಕೊಳ್ಳಲು ಚಿಲಕ, ಒಂದು ಬಕೆಟ್ಟು ನೀರು ಸಾಕು.