ದುಡುಕು ಬೇರೆ, ಗೀಳು ಬೇರೆ

ಹೋದ ರಂಜಾನಿನ ಕೊನೆಯ ವಾರ ದುಪಟ್ಟಾಕ್ಕೆ ಲೇಸ್ ತರಲು ಅಮ್ಮಿ 500 ರೂಪಾಯಿ ಕೊಟ್ಟು ನನ್ನನ್ನು ಜಯನಗರ 4ನೇ ಬ್ಲಾಕಿಗೆ ಕಳಿಸಿದರು. ಫುಟ್‌ಪಾತಿನಲ್ಲಿ ಜುಮುಕಿ ಕಂಡವು. 180 ರೂಪಾಯಿ. ಚೌಕಾಸಿಯನ್ನೂ ಮಾಡದೆ ಕೊಂಡೆ. ಮನೆಗೆ ಬಂದು ನೋಡಿದರೆ ಅಂಥದೇ ಜೊತೆ ಬೀರುವಿನಲ್ಲಿತ್ತು! "ಜಲ್ದೀ ಕಾ ಕಾಮ್ ಶೈತಾನ್ ಕಾ" ಎಂದು ಅಮ್ಮಿ ಬೈದರು. ನನಗೆ ಆ ಬೈಗುಳ ಸರಿಯಾಗಿಯೇ ಇತ್ತು.

ಆದರೆ ಅದೇ ಮಾತನ್ನು ಅವರು ಆಪಾಗೂ ಹೇಳುತ್ತಿದ್ದರು. ಆಪಾ ಕೆಲಸಕ್ಕೆ ಹೋಗುತ್ತಾಳೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ಆರ್ಡರ್ ಮಾಡುತ್ತಿದ್ದಳು. ಒಂದು ದಿನ ಕಸ ಗುಡಿಸುವಾಗ ಅವಳ ಮಂಚದ ಕೆಳಗೆ ಹನ್ನೊಂದು ಡಬ್ಬಗಳು ಸಿಕ್ಕವು. ಒಂದನ್ನೂ ಒಡೆದಿರಲಿಲ್ಲ. "ಬೇಕು ಅಂತ ಅಲ್ಲ ಕಣೇ, ಒತ್ತದಿದ್ದರೆ ಎದೆ ಹಿಂಡಿದಂತಾಗುತ್ತೆ" ಎಂದು ಅತ್ತಳು. (ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.)

ಬಿಲ್ ಕೌಂಟರಿನ ಪಕ್ಕ ಚಾಕೊಲೇಟ್ ಇಡುವುದು ಏಕೆಂದು ಕ್ಲಾಸಿನಲ್ಲಿ ಪಾಠ ನಡೆದಾಗ ಮೇಡಂ ಹೇಳಿದ ಪದ 'ಇಂಪಲ್ಸಿವ್'. ಆಪಾಳದೂ ಅದೇನಾ ಎಂದು ಆಮೇಲೆ ಹೋಗಿ ಕೇಳಿದೆ. ಅಲ್ಲ, ಅದು 'ಕಂಪಲ್ಸಿವ್' ಎಂದರು. ಎರಡರ ಮೂಲವೂ 'ತಳ್ಳು' ಎಂಬ ಅರ್ಥದ ಒಂದೇ ಲ್ಯಾಟಿನ್ ಪದವಂತೆ. ನನ್ನನ್ನು ತಳ್ಳಿದ್ದು ಯೋಚನೆ ಬರುವ ಮೊದಲು, ಒಂದೇ ಸಲ. ಆಪಾ ಯೋಚಿಸಿದ್ದಳು, ಇನ್ನು ಬೇಡ ಎಂದು ನಿರ್ಧರಿಸಿ ಆ್ಯಪನ್ನು ಎರಡು ಸಲ ಅಳಿಸಿಯೂ ಇದ್ದಳು. ತಳ್ಳುವುದು ಮಾತ್ರ ನಿಂತಿರಲಿಲ್ಲ. ಕನ್ನಡದಲ್ಲಿ ಇದು ಇನ್ನೂ ಸ್ಪಷ್ಟ: ನನ್ನದು ದುಡುಕು, ಅವಳದು ಗೀಳು.

ಈಗ ನಾನು ಏನಾದರೂ ಇಷ್ಟವಾದರೆ ನೋಟ್‌ಬುಕ್ಕಿನಲ್ಲಿ ಬರೆದು ಒಂದು ದಿನ ಕಾಯುತ್ತೇನೆ. ಮುಕ್ಕಾಲು ಪಾಲು ಮರೆತೇಹೋಗುತ್ತವೆ. ಆಪಾಗೂ ಇದನ್ನೇ ಹೇಳಿಕೊಟ್ಟೆ. ಕಾದಷ್ಟೂ ಅವಳ ಸಂಕಟ ಹೆಚ್ಚಿತು, ಮೂರನೇ ರಾತ್ರಿ ಎರಡು ಆರ್ಡರ್ ಹೋದವು.

ಮೊಬೈಲು, ಇಂಟರ್‌ನೆಟ್ ಬಳಕೆ ಕೈಮೀರಿದವರಿಗಾಗಿ ನಿಮ್ಹಾನ್ಸ್ 2014ರಲ್ಲೇ 'ಶಟ್' ಎಂಬ ಕ್ಲಿನಿಕ್ ಶುರುಮಾಡಿದೆ, ನಮ್ಮ ಬಿಟಿಎಂ ಲೇಔಟಿನಲ್ಲಿ. ನಿಮ್ಹಾನ್ಸ್ ಎಂದ ಕೂಡಲೇ ಅಬ್ಬಾ "ಜನ ಏನಂದಾರು? ನಾಳೆ ಹುಡುಗಿಗೆ ಸಂಬಂಧ ನೋಡಬೇಕು" ಎಂದರು. ಎರಡು ವಾರ ಮನೆಯಲ್ಲಿ ಅದೇ ಜಗಳ. ಕೊನೆಗೆ ಅಬ್ಬಾ ತಾವೇ ಅಂಗಡಿಗೆ ರಜೆ ಹಾಕಿ ಕರೆದುಕೊಂಡು ಹೋದರು.

ನಾಲ್ಕು ಸಲ ಹೋಗಿ ಬಂದಿದ್ದಾಳೆ. ಮಂಚದ ಕೆಳಗೆ ಈಗ ಮೂರು ಡಬ್ಬಗಳಿವೆ, ಅವುಗಳಲ್ಲಿ ಒಂದು ಹೊಸದು. ಅಮ್ಮಿ ಅದನ್ನು ನೋಡಿದರು, ಏನೂ ಅನ್ನಲಿಲ್ಲ. ಶೈತಾನನ ಮಾತು ಈಗ ನನ್ನೊಬ್ಬಳಿಗೇ ಮೀಸಲು.